ನಲವತ್ತಕ್ಕೆ ಇಪ್ಪತ್ತೊಂಬತ್ತು

ಗೋಡೆಗೆ ತಲೆ ಬಡಿದ ಸದ್ದು ಎಷ್ಟು ಬಗೆಯಲ್ಲಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಇಟ್ಟಿಗೆ ಗೋಡೆಯದು ಬೇರೆ, ಮರದ ಬಾಗಿಲಿನದು ಬೇರೆ, ಕಬ್ಬಿಣದ ಬೀರುವಿನದು ಬೇರೆ. ಈಗ ಒಳಗಿನ ಕೋಣೆಯಿಂದ ಬರುತ್ತಿದ್ದದ್ದು ಮೆತ್ತೆ ಹೊದಿಸಿದ ಗೋಡೆಯದು. ಅದರಲ್ಲಿ ಸಿಟ್ಟಿತ್ತು, ಗಾಯವಿರಲಿಲ್ಲ. ಯಾರದೋ ಮಗು, ತನ್ನದಲ್ಲ ಎಂಬ ನೆಮ್ಮದಿಯಲ್ಲಿ ಅವಳು ಪೆಟ್ಟುಗಳನ್ನು ಎಣಿಸುತ್ತಿದ್ದಳು. ತನ್ನದು ಇಲ್ಲೇ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕಲಿಸಿದ ಹಾಗೆ ಕೂತಿತ್ತು. ಇಪ್ಪತ್ತು ನಿಮಿಷವಾಗಿತ್ತು. ಮಗಳಿಗೆ ಬುಗುರಿ ಎಂಬುದು ನಿಂತಲ್ಲೇ ಗಿರಗಿರ ತಿರುಗುತ್ತಾಳೆಂದು ಎರಡು ವರ್ಷದವಳಿದ್ದಾಗ ಮುದ್ದಿಗೆ ಇಟ್ಟ ಹೆಸರು. ಈಗ ಅವಳಿಗೆ ಏಳು, ಮುದ್ದು ಹೋಗಿ ಹೆಸರಷ್ಟೇ ಉಳಿದಿತ್ತು. ಆ ಬುಗುರಿ ಇಪ್ಪತ್ತು ನಿಮಿಷ ಒಂದೇ ಕುರ್ಚಿಯಲ್ಲಿ ಕೂತಿದ್ದಾಳೆ ಎಂದರೆ ಎರಡು ತಿಂಗಳ ಹಿಂದೆ ಯಾರೂ ನಂಬುತ್ತಿರಲಿಲ್ಲ. ತಾಯಿಯಾದ ಅವಳಿಗೇ ನಂಬಿಕೆ ಬರುತ್ತಿರಲಿಲ್ಲ. ಆಗಾಗ ಕಣ್ಣಂಚಿನಲ್ಲಿ ನೋಡಿ, ಇದ್ದಾಳೆ, ಕೂತಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು ತಿರುಗಿ ಗೋಡೆ ನೋಡುತ್ತಿದ್ದಳು. ನೋಡಿದಾಗಲೆಲ್ಲ ಬುಗುರಿಯ ಹೆಗಲು ಕಿವಿಯ ಕಡೆಗೆ ಒಂದಿಷ್ಟು ಏರುತ್ತಿತ್ತು. ಅದನ್ನು ಮಾತ್ರ ಅವಳು ನೋಡಲಿಲ್ಲವೆಂದು ತನಗೆ ತಾನೇ ಹೇಳಿಕೊಂಡಳು.

ಎದುರು ಬೆಂಚಿನಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಅವಳ ಮಗಳು ಹತ್ತೋ ಹನ್ನೊಂದೋ ವರ್ಷದವಳು, ತಲೆಗೆ ಹೆಲ್ಮೆಟ್ ಹಾಕಿಕೊಂಡು ಬೆಂಚಿನ ಕೆಳಗೆ ಮಲಗಿ ಅದರ ಕಾಲನ್ನು ನೆಕ್ಕುತ್ತಿದ್ದಳು.

"ನಮ್ಮದು ಹೆಲ್ಮೆಟ್ ಹಾಕ್ಕೊಂಡೇ ಹುಟ್ಟಿದ್ದು," ಎಂದಳು ಕನ್ನಡಕದವಳು. "ಗಾಡಿ ಒಂದು ಕೊಡಿಸೋದು ಬಾಕಿ."

ಅವಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ತುಟಿ ಮಾತ್ರ ಅಲುಗಿಸಿದಳು.

"ನಿಮ್ಮವಳು ಎಷ್ಟು ಚೆನ್ನಾಗಿ ಕೂತಿದ್ದಾಳಲ್ಲ. ನೀವ್ಯಾಕೆ ಬಂದ್ರಿ ಇಲ್ಲಿಗೆ? ದಾರಿ ತಪ್ಪಿದ್ರಾ?"

"ಅವಳಿಗೂ ಆಟಿಸಂ," ಎಂದಳು ಅವಳು. ಹೇಳಿದ ಮೇಲೆ ಒಳಗೆಲ್ಲೋ ಸಣ್ಣದೊಂದು ಹೆಮ್ಮೆ ಹೆಡೆಯೆತ್ತಿತು. ಬೆಂಚಿನ ಕಾಲು ನೆಕ್ಕುತ್ತಿರುವ ಆ ಹುಡುಗಿಗಿಂತ ತನ್ನವಳು ಎಷ್ಟೋ ಮೇಲು. ಈ ಥೆರಪಿ ಕೇಂದ್ರದಲ್ಲಿ ಖಾಲಿ ಇರುವುದು ಒಂದೇ ಜಾಗ ಎಂದು ಅವರು ಕಳಿಸಿದ ಕಾಗದದಲ್ಲಿ ಬರೆದಿದ್ದರು. ಒಳಗಿನ ಮಗು ಮೊದಲಿನಿಂದ ಬರುವುದು, ಆ ಜಾಗಕ್ಕೆಂದು ಬಂದವರು ಇಬ್ಬರು. ಗೆಲ್ಲುವುದು ಯಾರು ಎಂಬುದು ಕಣ್ಣಿಗೇ ಕಾಣುತ್ತಿತ್ತಲ್ಲ. ಆ ಹೆಂಗಸಿನ ಮೇಲೆ ಕರುಣೆ ಬಂತು. ಕರುಣೆ ತೋರಿಸುವ ಸ್ಥಿತಿಗೆ ತಾನು ಬಂದೆನಲ್ಲ ಎಂದು ಬೆಚ್ಚಗೂ ಆಯಿತು. ಕೂಡಲೇ ನಾಚಿಕೆಯಾಗಿ ತೊಡೆಯ ಮೇಲಿದ್ದ ಫಾರಂ ನೋಡತೊಡಗಿದಳು. ಮಗು ಮಾತಾಡುತ್ತದೆಯೇ, ಇಲ್ಲ. ಬಟ್ಟೆಯ ಹೊಲಿಗೆ ಚುಚ್ಚಿದರೆ ಅಳುತ್ತದೆಯೇ, ಹೌದು. ಕಚ್ಚುತ್ತದೆಯೇ, ಹೌದು ಎಂದು ಗೀಟೆಳೆದು, ಅದನ್ನು ಹೊಡೆದುಹಾಕಿ, ಮೊದಲು ಕಚ್ಚುತ್ತಿತ್ತು ಎಂದು ಬರೆದಿದ್ದಳು. ಮನೆಯಲ್ಲಿ ಯಾರಾದರೂ ಮಗುವಿಗೆ ಹೊಡೆಯುವುದುಂಟೇ. ಇಲ್ಲ. ಈ ಇಲ್ಲ ಎಲ್ಲಕ್ಕಿಂತ ದುಂಡಗೆ ಬಂದಿತ್ತು.

ಎಲ್ಲ ಶುರುವಾದದ್ದು ಇಂಥ ಕೇಂದ್ರಗಳಿಗೆ ಅಲೆಯುವಾಗ, ಮೂರನೆಯ ಕಡೆ. ಮೊದಲನೆಯ ಕಡೆ ಎರಡು ವರ್ಷ ಕಾಯಬೇಕೆಂದಿದ್ದರು. ಎರಡನೆಯದು ಮುಚ್ಚಿಹೋಗಿತ್ತು, ಬಾಗಿಲ ಗಾಜಿನ ಮೇಲೆ ಜೋಕಾಲಿಯಲ್ಲಿ ನಗುವ ಮಗುವಿನ ಚಿತ್ರ ಮಾತ್ರ ಇತ್ತು. ಮೂರನೆಯ ಕಡೆ ಒಳಗೆ ಬಿಟ್ಟುಕೊಂಡರು. ಹತ್ತು ನಿಮಿಷದೊಳಗೆ ಬುಗುರಿ ಅಲ್ಲಿನ ಆಯಾಳ ಮುಂಗೈಗೆ ಬಾಯಿ ಹಾಕಿದಳು. ಹಲ್ಲು ಬಿಡಿಸಲು ಮೂವರು ಬೇಕಾಯಿತು. ಆಯಾ ಅಳಲಿಲ್ಲ, ಬೈಯಲಿಲ್ಲ, ರಕ್ತ ಜಿನುಗುವ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಇವಳನ್ನೇ ನೋಡಿದಳು, ಕಚ್ಚಿದ್ದು ಇವಳೇ ಎಂಬ ಹಾಗೆ. ಗುಂಡು ಮುಖದ ಡಾಕ್ಟರು ಬಾಗಿಲ ತನಕ ಬಂದು, "ನೋಡಿಯಮ್ಮ, ಮೊದ್ಲು ಒಂದ್ಕಡೆ ಕೂತ್ಕೊಳ್ಳೋದು ಕಲಿಸಿ. ಆಮೇಲೆ ಕರ್ಕೊಂಡ್ ಬನ್ನಿ," ಎಂದರು. ಕೂರುವುದನ್ನು ಕಲಿಸಲಿಕ್ಕೆ ತಾನೇ ಕರೆದುಕೊಂಡು ಬಂದದ್ದು ಎಂದು ಅವಳಿಗೆ ಹೊಳೆದದ್ದು ರಸ್ತೆಗೆ ಬಂದ ಮೇಲೆ. ಅವಳಿಗೆ ಯಾವಾಗಲೂ ಹಾಗೇ, ಮಾತು ರಸ್ತೆಗೆ ಬಂದ ಮೇಲೆ ಸಿಗುತ್ತಿತ್ತು. ಬಸ್ ನಿಲ್ದಾಣದ ಹತ್ತಿರ ಬುಗುರಿ ನೆಲಕ್ಕೆ ಬಿದ್ದು ಹೊರಳಿದಳು. ಜನ ಸುತ್ತ ನಿಂತರು. "ಮಗು ಸಾಕೋಕೆ ಬರಲ್ಲ ಅಂದ್ರೆ ಯಾಕ್ ಹೆರ್ತಾರೋ," ಎಂದು ಒಬ್ಬ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತ ಹೇಳಿದ. ಅವಳು ಮಗಳ ಕೂದಲು ಹಿಡಿದು ಎತ್ತಿ ಎರಡು ಕೆನ್ನೆಗೂ ಬಾರಿಸಿದಳು. ಜನಕ್ಕೋಸ್ಕರ ಹೊಡೆದದ್ದು. ಮೊದಲನೆಯದು ಜನಕ್ಕೋಸ್ಕರ, ಎರಡನೆಯದರಲ್ಲಿ ತನಗೂ ಸ್ವಲ್ಪ ಇತ್ತು. ಆಶ್ಚರ್ಯವೆಂದರೆ ಬುಗುರಿ ತಟ್ಟನೆ ಸುಮ್ಮನಾಗಿ, ಎದ್ದು, ಬಟ್ಟೆಯ ಧೂಳನ್ನೂ ಕೊಡವದೆ ಪಕ್ಕದಲ್ಲಿ ನಿಂತುಕೊಂಡಳು.

ಆಮೇಲೆ ಅರ್ಜಿ ಹಾಕಿದ್ದ ಈ ನಾಲ್ಕನೆಯ ಕೇಂದ್ರದಿಂದ ಕಾಗದ ಬಂತು. ಮಗುವನ್ನು ಕರೆತಂದ ದಿನ ಏನೇನು ನೋಡುತ್ತೇವೆ ಎಂದು ಹಿಂಬದಿಯಲ್ಲಿ ಪಟ್ಟಿ ಮಾಡಿದ್ದರು. ದಾರಕ್ಕೆ ಮಣಿ ಪೋಣಿಸುವುದು, ಗುಂಡಿ ಹಾಕಿ ತೆಗೆಯುವುದು, ಗೀಟಿನ ಮೇಲೆ ಕತ್ತರಿ ಓಡಿಸುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಹೀಗೆ ನಲವತ್ತು. ಅವಳು ಅದನ್ನು ಮೂರು ಸಲ ಓದಿದಳು. ಏಳನೆಯ ಕ್ಲಾಸಿನಲ್ಲಿ ಅವಳು ಎರಡು ಸಲ ನಪಾಸಾಗಿದ್ದಳು. ಎರಡನೆಯ ಸಲ ಟೀಚರು ಉತ್ತರಪತ್ರಿಕೆಯನ್ನು ಇಡೀ ಕ್ಲಾಸಿಗೆ ಓದಿ ತೋರಿಸಿ, ಕೊನೆಗೆ ಅದನ್ನು ಅವಳ ಬೆನ್ನಿಗೆ ಅಂಟಿಸಿ ಮನೆಗೆ ಕಳಿಸಿದ್ದರು. ಅಷ್ಟಕ್ಕೇ ಶಾಲೆ ಮುಗಿಯಿತು. ಈಗ ಬದುಕಿನಲ್ಲಿ ಮೊದಲ ಬಾರಿಗೆ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮೊದಲೇ ಕೈಗೆ ಬಂದಿತ್ತು. ಒಂದೇ ಜಾಗ, ನಲವತ್ತು ಪ್ರಶ್ನೆ, ಆರು ವಾರ. ಅದು ಪರೀಕ್ಷೆಯಲ್ಲದೆ ಇನ್ನೇನಾದರೂ ಆಗಿರಬಹುದು ಎಂದು ಅವಳಿಗೆ ಅನುಮಾನ ಕೂಡ ಬರಲಿಲ್ಲ. "ಓಟಿ ಅಂತೆ, ಕೈಕೆಲಸ ಕಲಿಸೋ ಥೆರಪಿ. ಜಾಗ ಸಿಕ್ಕಿದ್ರೆ ವಾರಕ್ಕೆ ಮೂರು ದಿನ," ಎಂದು ಗಂಡನಿಗೆ ಹೇಳಿದಳು. ಕಾರ್ಖಾನೆಯಿಂದ ಬಂದು ಬೂಟು ಬಿಚ್ಚುತ್ತಿದ್ದ ಅವನು, "ನಾನು ಮಾಡೋ ಓಟಿ ಸಾಲ್ದು ಅಂತ ಈಗ ಅವಳ ಕೈಲೂ ಮಾಡಿಸ್ತೀಯೇನೆ?" ಎಂದು ನಕ್ಕ. ತಾನೇ ನಕ್ಕು ತಾನೇ ನಿಲ್ಲಿಸಿ, ಕಾಗದ ಇಸಿದುಕೊಂಡು ಓದಿ, "ಕಲಿಸು," ಎಂದ.

ಕಲಿಸಿದಳು. ಅವಳು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ಕಾಜ ಹಾಕುವುದು, ಗುಂಡಿ ಹೊಲಿಯುವುದು ಅವಳ ಪಾಲು. ದಿನಕ್ಕೆ ನೂರಿಪ್ಪತ್ತು ಕಾಜ. ಮೆಷಿನ್ನಿನ ಸೂಜಿ ಬಟ್ಟೆಯನ್ನು ತಿವಿದು ಕೆಳಗಿಳಿದು ದಾರ ಕಚ್ಚಿಕೊಂಡು ಮೇಲೆ ಬರುವುದನ್ನು ನೋಡುತ್ತ ನೋಡುತ್ತ ಅವಳಿಗೆ, ಬಟ್ಟೆ ಅಲುಗದಿದ್ದರೆ ನೋವಾಗುವುದಿಲ್ಲ, ಅಲುಗಿದರೆ ಹರಿಯುತ್ತದೆ ಅನ್ನಿಸುತ್ತಿತ್ತು. ಒಮ್ಮೆ ಸೂಜಿ ತೋರುಬೆರಳ ಉಗುರನ್ನೇ ಹೊಕ್ಕು ಆಚೆ ಬಂದಿತ್ತು. ಅವಳು ಕೂಗದೆ, ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಸೂಜಿ ಬಿಡಿಸಿಕೊಂಡಿದ್ದಳು. ಕತ್ತರಿಸುವ ಮೇಜಿನ ಮಾಸ್ತರು ಅದನ್ನು ನೋಡಿ, "ಏನಮ್ಮ, ನಿನ್ನ ಮೈಯಲ್ಲಿ ನರ ಇದೆಯೋ ದಾರ ಇದೆಯೋ?" ಎಂದು ಕೇಳಿದ್ದರು. ಅವರ ಮೇಜಿನಿಂದಲೇ ಮರದ ಸ್ಕೇಲು ಮನೆಗೆ ಬಂತು. ಗೀಟು ಎಳೆದುಕೊಡಲಿಕ್ಕೆಂದು ತಂದದ್ದು, ಅದು ಸುಳ್ಳಲ್ಲ. ಮೊದಲ ದಿನ ಅದರಿಂದ ಗೀಟನ್ನೇ ಎಳೆದಳು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ, ಗುಂಡಿಗಳನ್ನು ತಟ್ಟೆಯಲ್ಲಿ ಹಾಕಿ, ದಾರ ಕೈಗೆ ಕೊಟ್ಟು, "ಪೋಣ್ಸು, ಪುಟ್ಟ," ಎಂದಳು. ಬುಗುರಿ ತಟ್ಟೆ ಎಸೆದಳು. ಆಯ್ದು ಕೊಟ್ಟಳು. ಎಸೆದಳು. ನಾಲ್ಕನೆಯ ದಿನ ಸ್ಕೇಲು ತಾನಾಗಿ ಎದ್ದ ಹಾಗೆ ಎದ್ದು ಆ ಚಿಕ್ಕ ಅಂಗೈ ಮೇಲೆ ಬಿತ್ತು. ಬುಗುರಿ ಅಂಗೈಯನ್ನು ನೋಡಿಕೊಂಡಳು. ಆಮೇಲೆ ಒಂದು ಗುಂಡಿ ತೆಗೆದು ಪೋಣಿಸಿದಳು.

ಆ ಒಂದು ಗುಂಡಿ! ಅವಳು ಅಂದು ಅಂಗಡಿಯಲ್ಲಿ ಇಡೀ ದಿನ ತನ್ನಷ್ಟಕ್ಕೆ ಹಾಡಿಕೊಂಡಳು. ಮೂರನೆಯ ವಾರಕ್ಕೆ ಐದು ಗುಂಡಿ, ನಾಲ್ಕನೆಯದಕ್ಕೆ ಕತ್ತರಿ. ಹೊಡೆತಕ್ಕೂ ಒಂದು ಕ್ರಮ ಬಂತು: ಒಂದು ಕೆಲಸ, ಒಂದು ಏಟು. ತಪ್ಪಿಗೆಂದು ಶುರುವಾದದ್ದು, ತಪ್ಪುಗಳು ಕಡಿಮೆಯಾದ ಮೇಲೂ ನಿಲ್ಲಲಿಲ್ಲ, ಏಕೆಂದರೆ ನಿಲ್ಲಿಸಿದ ದಿನ ಬುಗುರಿ ಮುಂದಿನ ಕೆಲಸಕ್ಕೆ ಕೈ ಹಾಕದೆ ಅಂಗೈ ಒಡ್ಡಿಕೊಂಡು ಕಾಯುತ್ತ ಕೂತುಬಿಟ್ಟಳು. ಅವಳ ಲೆಕ್ಕದಲ್ಲಿ ಏಟೂ ಪಾಠದ ಒಂದು ಭಾಗವಾಗಿತ್ತು. ಸರಿ, ಮೆಲ್ಲಗೆ ಹೊಡೆದರಾಯಿತು ಎಂದು ತಾಯಿ ಅಂದುಕೊಂಡಳು. ಮೆಲ್ಲಗೆ ಹೊಡೆದದ್ದನ್ನು ಬುಗುರಿ ಒಪ್ಪುತ್ತಿರಲಿಲ್ಲ. ಕೈ ಹಿಂದೆಗೆಯದೆ ಹಾಗೇ ಹಿಡಿದಿರುತ್ತಿದ್ದಳು. ಚಟೀರೆಂದರೇ ಸರಿ. ಸ್ಕೇಲಿನ ಸದ್ದು ಶುರುವಾದರೆ ಗಂಡ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದ. ನೀರು ಬಹಳ ಹೊತ್ತು ಸುರಿಯುತ್ತಿತ್ತು. ಅವನ ಮುಖ ಆ ಆರು ವಾರ ತುಂಬ ಶುಭ್ರವಾಗಿತ್ತು.

"ಬನ್ನಿ," ಎಂದು, ಒಳಗಿದ್ದ ಮಗುವನ್ನು ಅದರ ಅಪ್ಪನೊಡನೆ ಕಳಿಸಿಕೊಟ್ಟ ಥೆರಪಿಸ್ಟ್ ಮೇಡಂ ಬಾಗಿಲಿಂದ ಕರೆದಳು. ಎಳೆಯ ವಯಸ್ಸು, ಮೊಣಕಾಲ ಬಳಿ ಸವೆದ ಪ್ಯಾಂಟು, ಕುತ್ತಿಗೆಯ ಮೇಲೆ ಉಗುರಿನಿಂದ ಪರಚಿದ ಹಳೆಯ ಗೆರೆಗಳು. ಒಳಗೆ ಮೆತ್ತೆಯ ನೆಲ, ಸೂರಿಗೆ ಕಟ್ಟಿದ ಜೋಕಾಲಿ, ಮರಳು ತುಂಬಿದ ಚೀಲಗಳು, ಕುಳ್ಳ ಮೇಜು. ಬುಗುರಿ ಹೇಳುವ ಮೊದಲೇ ಹೋಗಿ ಮೇಜಿನ ಮುಂದೆ ಕೂತಳು. ಮೇಡಂ ಮಣಿ ಇಟ್ಟಳು. ಬುಗುರಿಯ ಬೆರಳು ಒಂದು ಸಲವೂ ತಡವರಿಸಲಿಲ್ಲ: ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ದಾರ ಕೆಳಗಿಟ್ಟು, ಕಣ್ಣು ಬಿಗಿಯಾಗಿ ಮುಚ್ಚಿ, ಬಲ ಅಂಗೈ ಮುಂದೆ ಒಡ್ಡಿದಳು. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ತಾಯಿ ಅರ್ಧ ಎದ್ದು ಮತ್ತೆ ಕೂತಳು. ಇದನ್ನು ಅವಳು ಯೋಚಿಸಿರಲಿಲ್ಲ. ನಲವತ್ತನ್ನೂ ಯೋಚಿಸಿದ್ದಳು, ಇದೊಂದನ್ನು ಯೋಚಿಸಿರಲಿಲ್ಲ.

"ಚಪ್ಪಾಳೆ ಬೇಕಾ? ತಗೋ," ಎಂದು ಮೇಡಂ ನಗುತ್ತ ಅಂಗೈಗೆ ಅಂಗೈ ತಟ್ಟಿದಳು.

"ಹೂಂ, ಅದು ಅವಳ ಆಟ ಮೇಡಂ," ಎಂದಳು ಅವಳು. ಮಾತು ಈ ಸಲ ರಸ್ತೆಗೆ ಹೋಗುವ ಮುಂಚೆಯೇ ಸಿಕ್ಕಿಬಿಟ್ಟಿತು.

ಗುಂಡಿ, ಅಂಗೈ. ಕತ್ತರಿ, ಅಂಗೈ. ಒಂಟಿ ಕಾಲು, ಅಂಗೈ. ಮೇಡಂ ಪ್ರತಿ ಸಲವೂ ಮೆತ್ತಗೆ ತಟ್ಟಿದಳು. ಪ್ರತಿ ಸಲವೂ ಬುಗುರಿಯ ಕೈ ಹಿಂದೆ ಹೋಗುವುದು ತುಸು ತಡವಾಯಿತು, ಗಂಟಲಲ್ಲಿ ಗುಂಯ್‌ಗುಡುವ ಸದ್ದೊಂದು ಏರಿತು. ಕೊನೆಗೆ ಮೇಡಂ ಪೆನ್ನು ಕೆಳಗಿಟ್ಟು, "ನಲವತ್ತಕ್ಕೆ ಇಪ್ಪತ್ತೊಂಬತ್ತು," ಎಂದಳು.

ಇಪ್ಪತ್ತೊಂಬತ್ತು. ಅವಳು ಬದುಕಿನಲ್ಲಿ ಯಾವ ವಿಷಯದಲ್ಲೂ ಅಷ್ಟು ತೆಗೆದಿರಲಿಲ್ಲ. "ಪಾಸಲ್ವಾ ಮೇಡಂ?" ಎಂದು ಕೇಳಿದಳು.

"ಇದ್ರಲ್ಲಿ ಪಾಸು ಫೇಲು ಇಲ್ಲಮ್ಮ. ಯಾರಿಗೆ ಥೆರಪಿ ಹೆಚ್ಚು ಬೇಕೋ ಅವರಿಗೆ ಮೊದ್ಲು. ಇರೋದು ಒಂದು ಜಾಗ, ಹದಿನೈದಕ್ಕಿಂತ ಕಡಿಮೆ ಬಂದ ಮಕ್ಕಳಿಗೆ ಕೊಡ್ತೀವಿ. ಇವಳು ತುಂಬ ಮುಂದಿದ್ದಾಳೆ. ಖುಷಿಪಡಿ ನೀವು. ಮುಂದಿನ ವರ್ಷ ಬೇಕಾದ್ರೆ..."

ಮುಂದಿನದು ಅವಳಿಗೆ ಕೇಳಲಿಲ್ಲ. ಮೇಡಂ ತುಟಿಗಳು ಅಲುಗುತ್ತಿದ್ದವು. ಆರು ವಾರ, ಬೆಳಿಗ್ಗೆ ಐದು ಗಂಟೆ, ನಲ್ಲಿಯ ನೀರು. ಹೊರಗೆ ಬೆಂಚಿನ ಕಾಲು ನೆಕ್ಕುತ್ತಿರುವ ಹೆಲ್ಮೆಟ್ ಹುಡುಗಿ ಗೆದ್ದಿದ್ದಳು. ಮಗಳ ಕೈಯಿಂದ ಆ ಜಾಗವನ್ನು ತಾನೇ ಹೊಡೆದು ಹೊಡೆದು ಬೀಳಿಸಿದ್ದಳು. ನಗು ಬರುತ್ತದೆ ಎನ್ನಿಸಿ ಹಲ್ಲು ಕಚ್ಚಿಕೊಂಡಳು. ಅಷ್ಟರಲ್ಲಿ ಬುಗುರಿ ಎದ್ದು, ಮೇಜಿನ ಮೇಲಿದ್ದ ಉಕ್ಕಿನ ಸ್ಕೇಲು ತೆಗೆದು ಮೇಡಂ ಕೈಯಲ್ಲಿಟ್ಟು, ಮುಂದೆ ನಿಂತು ಕಣ್ಣು ಮುಚ್ಚಿ ಅಂಗೈ ಒಡ್ಡಿದಳು.

ಮೇಡಂ ಸ್ಕೇಲು ನೋಡಿದಳು. ಅಂಗೈ ನೋಡಿದಳು, ಈಗ ಮೊದಲ ಬಾರಿಗೆ ಬಗ್ಗಿ ಹತ್ತಿರದಿಂದ ನೋಡಿದಳು. ಸ್ಕೇಲು ಹಿಡಿದ ಕೈ ಕೆಳಗಿಳಿಯಿತು. ಏಟು ಬರಲಿಲ್ಲ. ಇಷ್ಟು ಹೊತ್ತಿನಿಂದ ಬಾರದೆ ಬಾಕಿ ಉಳಿದ ಏಟುಗಳೆಲ್ಲ ಬುಗುರಿಯ ಮೈಯಲ್ಲಿ ಒಟ್ಟಿಗೆ ಎದ್ದವು. ಕಿರುಚಿಕೊಂಡು, ತಿರುಗಿ, ಮೆತ್ತೆ ಇರುವ ಗೋಡೆಯನ್ನು ಬಿಟ್ಟು ಬಾಗಿಲ ಚೌಕಟ್ಟಿನ ಮರವನ್ನೇ ಹುಡುಕಿ ಹಣೆ ಅಪ್ಪಳಿಸಿದಳು. ಮತ್ತೆ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಮೇಡಂ ಅಂಗೈಯನ್ನು ಹಣೆಗೂ ಮರಕ್ಕೂ ನಡುವೆ ಒಡ್ಡಿ, "ಹಿಡ್ಕೊಳ್ಳಿ, ಕಾಲು ಹಿಡ್ಕೊಳ್ಳಿ," ಎನ್ನುತ್ತಿದ್ದಳು. ಅವಳು ಕಾಲು ಹಿಡಿಯಲಿಲ್ಲ. ಮೇಡಂ ಕೈಯಿಂದ ನೆಲಕ್ಕೆ ಬಿದ್ದಿದ್ದ ಸ್ಕೇಲು ಎತ್ತಿಕೊಂಡಳು, ಮಗಳ ಮಣಿಕಟ್ಟು ಹಿಡಿದು ತಿರುಗಿಸಿ ಅಂಗೈ ಮೇಲೆ ಬಾರಿಸಿದಳು. ಕಿರುಚಾಟ ಕತ್ತರಿಸಿದ ಹಾಗೆ ನಿಂತಿತು. ಬುಗುರಿ ಅಂಗೈಯನ್ನು ಇನ್ನೂ ಒಡ್ಡಿದ್ದಳು. ಎರಡನೆಯದು ಬಾರಿಸಿದಳು. ಮೂರನೆಯದಕ್ಕೆ ಎತ್ತಿದ ಕೈಯನ್ನು ಮೇಡಂ ಗಾಳಿಯಲ್ಲೇ ಹಿಡಿದುಕೊಂಡಳು. ಆ ಹಿಡಿತ ನೋಯುತ್ತಿತ್ತು. ಬುಗುರಿ ಹೋಗಿ ಕುರ್ಚಿಯಲ್ಲಿ ಕೂತು, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡಳು. ರಕ್ತ ಮೂಗಿನ ಪಕ್ಕದಿಂದ ಇಳಿದು ತುಟಿಗೆ ಬಂದಾಗ ಅದನ್ನು ನೆಕ್ಕಿದಳು.

"ಎಷ್ಟು ದಿನದಿಂದ?" ಎಂದಳು ಮೇಡಂ, ಹತ್ತಿ ಬಟ್ಟೆಯನ್ನು ಹುಬ್ಬಿಗೆ ಒತ್ತಿ ಹಿಡಿಯುತ್ತ. ದನಿ ಏರಲಿಲ್ಲ. ಏರಿದ್ದರೆ ಸುಲಭವಾಗುತ್ತಿತ್ತು.

ಹೇಳಿದರೆ ಬರೆದುಕೊಳ್ಳುತ್ತಾರೆ. ಬರೆದುಕೊಂಡರೆ ಮನೆಗೆ ಬರುತ್ತಾರೆ. ಮಗುವನ್ನು ಕರೆದುಕೊಂಡು ಹೋಗಿಬಿಡಲೂಬಹುದು. ಹೇಳದಿದ್ದರೆ ಇಪ್ಪತ್ತೊಂಬತ್ತು ಹಾಗೇ ಇರುತ್ತದೆ. ಮಗಳು ಮುಂದಿದ್ದಾಳೆ, ಖುಷಿಪಡಬಹುದು. ನಾಳೆ ಐದು ಗಂಟೆಗೆ ಎದ್ದು ಬುಗುರಿ ತಾನೇ ಸ್ಕೇಲು ತಂದು ಕೊಡುತ್ತಾಳೆ, ನಾಡಿದ್ದೂ ತಂದು ಕೊಡುತ್ತಾಳೆ.

"ಆರು ವಾರ," ಎಂದಳು. "ನಾನೇ. ಅವರಪ್ಪ ಮುಟ್ಟಿಲ್ಲ. ಒಂದೊಂದಕ್ಕೂ ಹೊಡ್ದಿದೀನಿ ಮೇಡಂ, ನಲವತ್ತಕ್ಕೂ. ಅವಳಿಗೆ ಏನೂ ಬರಲ್ಲ. ದೇವ್ರಾಣೆಗೂ ಅವಳಿಗೆ ಒಂದೂ ಬರಲ್ಲ." ಮಗಳ ಎದುರು ಮಗಳನ್ನು ಅಷ್ಟು ಹೀನಾಯವಾಗಿ ಹೇಳಿದ್ದು ಅದೇ ಮೊದಲು, ಬೇಡಿಕೊಳ್ಳುವ ಹಾಗೆ ಹೇಳಿದಳು.

ಮೇಡಂ ರಕ್ತ ನಿಂತ ಮೇಲೆ ಪಟ್ಟಿ ಅಂಟಿಸಿ, ಮಾರ್ಕಿನ ಹಾಳೆಯ ಮೇಲೆ ಅಡ್ಡ ಗೀಟೆಳೆದು, ಹೊಸ ಹಾಳೆ ತೆಗೆದಳು. "ಹೊರಗೆ ಕೂತ್ಕೊಳ್ಳಿ. ಏಟಿನ ಭಯ ಇಲ್ದೆ ಏನು ಬರುತ್ತೋ ಇನ್ನೊಂದ್ಸಲ ನೋಡ್ತೀನಿ. ಏನೇ ಸದ್ದು ಕೇಳಿದ್ರೂ ಒಳಗೆ ಬರ್ಬೇಡಿ."

ಹೊರಗೆ ಬೆಂಚಿನಲ್ಲಿ ಕನ್ನಡಕದವಳು ಜಾಗ ಸರಿದು ಕೊಟ್ಟಳು. "ಏನಾಯ್ತಕ್ಕ?" ಎಂದಳು. ತಾಯಿಯ ಕಿವಿ ಬಾಗಿಲ ಕಡೆಗಿತ್ತು. ಬಾಗಿಲಿಂದ ಏನೂ ಕೇಳುತ್ತಿರಲಿಲ್ಲ. ಮಣಿಗೆ ಮಣಿ ತಾಗುವಷ್ಟು ಸಣ್ಣ ಸದ್ದು, ಅಥವಾ ಅವಳ ಕಿವಿಯ ಭ್ರಮೆ. ಬೇಡ, ಪೋಣಿಸಬೇಡ, ಎಂದು ಅವಳು ಒಳಗೊಳಗೇ ಹೇಳುತ್ತಿದ್ದಳು. ಎಸಿ. ತಟ್ಟೆ ಎಸಿ, ಪುಟ್ಟ. ಹಿಂದೆ ಎಸೀತಿದ್ದೆಯಲ್ಲ, ಹಾಗೆ. ಮೌನ ಬೆಳೆಯಿತು. ಅದರೊಳಗೆ ಬುಗುರಿ ಕಣ್ಣು ಮುಚ್ಚಿ ಕೈ ಒಡ್ಡಿ ನಿಂತದ್ದು ಅವಳಿಗೆ ಕಾಣುತ್ತಿತ್ತು. ಇಷ್ಟು ಚೆನ್ನಾಗಿ ಕಲಿಸಿದ್ದಳು, ಇದನ್ನು ಯಾರು ಬಿಡಿಸುತ್ತಾರೆ. ಆಗ ಒಳಗೆ ತಗಡಿನ ತಟ್ಟೆ ನೆಲಕ್ಕೆ ಅಪ್ಪಳಿಸಿತು, ಮಣಿಗಳು ಮಳೆಯಂತೆ ಚೆದುರಿದವು, ಕುರ್ಚಿಯೊಂದು ಗೋಡೆಗೆ ಬಡಿಯಿತು, ಮೇಡಂ "ಅಮ್ಮಾ" ಎಂದು ಉಸಿರೆಳೆದುಕೊಂಡು ಕೂಗಿದಳು. ಕಚ್ಚಿದಳು. ಹೊರಗೆ ತಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯದೆ, ಹೆಲ್ಮೆಟ್ ಹುಡುಗಿ ಬೆಂಚಿನ ಕೆಳಗಿಂದ ಹೊರಬಂದು ಅವಳ ಮುಖವನ್ನೇ ನೋಡಿದಳು.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆದಾಗ ಮೇಡಂ ಮುಂಗೈಗೆ ಕರವಸ್ತ್ರ ಸುತ್ತಿಕೊಂಡಿದ್ದಳು. "ಒಂಬತ್ತು," ಎಂದಳು. "ಈ ಅಕ್ಕನ ಮಗಳನ್ನೂ ನೋಡ್ಬೇಕು. ಅವಳಿಗೂ ಕಡಿಮೆ ಬಂದ್ರೆ ಇಬ್ಬರಿಗೂ ಅರ್ಧರ್ಧ ದಿನ ಮಾಡ್ತೀನಿ, ನನ್ನ ಊಟದ ಹೊತ್ತು ಹೋಗುತ್ತೆ, ಹೋಗ್ಲಿ. ಆದ್ರೆ ನೀವು ಹೇಳಿದ್ದನ್ನ ಬರ್ದಿದೀನಿ. ಅದನ್ನ ಅಳಿಸಲ್ಲ. ಮನೆಗೆ ಜನ ಬರ್ತಾರೆ, ಕೇಳ್ತಾರೆ. ಪ್ರತಿ ಸಲ ನೀವೂ ಒಳಗೇ ಕೂತ್ಕೋಬೇಕು. ಒಪ್ಪಿಗೆ ಇದ್ರೆ ಕೆಳಗೆ ಸಹಿ ಹಾಕಿ."

ಬರೆದದ್ದನ್ನು ಓದಿದಳು. ನಾಲ್ಕೇ ಸಾಲು. ಯಾರೂ ಅದನ್ನು ಗಟ್ಟಿಯಾಗಿ ಓದಲಿಲ್ಲ, ಬೆನ್ನಿಗೆ ಅಂಟಿಸಲಿಲ್ಲ. ಕನ್ನಡಕದವಳು ಬೇರೆ ಕಡೆ ನೋಡುತ್ತಿದ್ದಳು, ನೋಡದಿರಲು ಕಷ್ಟಪಡುತ್ತಿದ್ದಾಳೆ ಎಂಬುದು ಕುತ್ತಿಗೆಯಲ್ಲಿ ಕಾಣುತ್ತಿತ್ತು. ಅವಳು ಸಹಿ ಹಾಕಿದಳು. ಫಾರಂನಲ್ಲಿ ದುಂಡಗೆ ಬಂದಿದ್ದ ಇಲ್ಲ ಎಂಬುದನ್ನು ಮೇಡಂ ಹೇಳದಿದ್ದರೂ ಹೊಡೆದುಹಾಕಿದಳು.

ಒಳಗೆ, ಚೆದುರಿದ ಮಣಿಗಳ ನಡುವೆ, ಬುಗುರಿ ಮೆತ್ತೆಯ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಬೆನ್ನ ಮೇಲೂ ತೊಡೆಯ ಮೇಲೂ ಮೈ ಶಾಂತವಾಗಲೆಂದು ಮೇಡಂ ಹೇರಿದ ಮರಳಿನ ಚೀಲಗಳು. ಬಾಯಿ ತೆರೆದಿತ್ತು, ಕೆಳದುಟಿಯಲ್ಲಿ ಯಾರದೋ ರಕ್ತ ಒಣಗಿತ್ತು. ಹಗಲು ಹೊತ್ತಿನಲ್ಲಿ ಅವಳು ನಿದ್ದೆ ಮಾಡಿದ್ದನ್ನು ತಾಯಿ ಈ ಮೂರು ವರ್ಷದಲ್ಲಿ ನೋಡಿರಲಿಲ್ಲ.

"ಎಬ್ಬಿಸಿ. ಇನ್ನೊಬ್ಬಳು ಬರ್ತಾಳೆ," ಎಂದಳು ಮೇಡಂ.

ಅವಳು ಪಕ್ಕದಲ್ಲಿ ಮಂಡಿಯೂರಿದಳು. ಕೈ ಮುಂದೆ ಹೋಯಿತು, ನಡುವೆ ನಿಂತಿತು. ಎಬ್ಬಿಸುವುದು ಹೇಗೆಂದು ಗೊತ್ತಿರಲಿಲ್ಲ. ಕಾಜ ಹಾಕುವ ಕೈ, ಸ್ಕೇಲು ಹಿಡಿಯುವ ಕೈ. ಈ ಮೈಯನ್ನು ಇನ್ನು ಬೇರೆ ಯಾವ ರೀತಿಯಲ್ಲಿ ಮುಟ್ಟಬಹುದೆಂದು ಅದಕ್ಕೆ ನೆನಪಿರಲಿಲ್ಲ. ತುದಿಬೆರಳಿಂದ ಕೂದಲು ಸವರಿದಳು. ಬುಗುರಿ ನಿದ್ದೆಯಲ್ಲೇ ಮುಖ ಸಿಂಡರಿಸಿ ಹೊರಳಿದಳು.

"ಹಾಗಲ್ಲ, ಅಷ್ಟು ಮೆಲ್ಲಗೆ ಮುಟ್ಟಿದ್ರೆ ಅವಳಿಗೆ ಚುಚ್ಚುತ್ತೆ. ಹೆಗಲ ಮೇಲೆ ಇಡೀ ಅಂಗೈ ಇಟ್ಟು ಒತ್ತಿ. ಗಟ್ಟಿಯಾಗಿ. ಒತ್ತಿ ಹಿಡ್ಕೊಳ್ಳಿ, ಅಷ್ಟೇ."

ಹೆಗಲ ಮೇಲೆ ಅಂಗೈ ಇಟ್ಟಳು. ಒತ್ತಿದಳು. ಕಣ್ಣು ತೆರೆಯುವ ಮೊದಲೇ ಬುಗುರಿಯ ಎರಡೂ ಕೈಗಳು ಎದ್ದು ಬಂದು ತಲೆಯನ್ನು ಮುಚ್ಚಿಕೊಂಡವು, ಮೊಣಕಾಲು ಹೊಟ್ಟೆಗೆ ಸೇರಿತು, ಉಸಿರು ನಿಂತಿತು. ಬಾಗಿಲಲ್ಲಿ ಹೆಲ್ಮೆಟ್ ಹುಡುಗಿ ನೆಲಕ್ಕೆ ಕಾಲು ಬಡಿಯುತ್ತಿದ್ದಳು. "ತೆಗೀಬೇಡಿ," ಎಂದಳು ಮೇಡಂ ಹಿಂದಿನಿಂದ. ಅವಳು ತೆಗೆಯಲಿಲ್ಲ. ಅಂಗೈಯ ಕೆಳಗೆ ಆ ಎಲುಬು ಕಲ್ಲಿನ ಹಾಗೆ ಬಿಗಿದುಕೊಂಡು ಏಟಿಗೆ ಕಾಯುತ್ತಿತ್ತು. ಅವಳೂ ಒತ್ತಿದ ಕೈ ಒತ್ತಿದಂತೆಯೇ ಹಿಡಿದು, ಆ ಉಸಿರು ಮತ್ತೆ ಶುರುವಾಗುವುದನ್ನು ಕಾಯುತ್ತ ಕೂತಳು.